ಮುಖ ಮಾಸಿದರೂ ಕಣ್ಣು ಉಳಿಯುತ್ತದೆ

ಬೆಳಗಿನ ಜಾವ. ಮಧುಗಿರಿ ಬೆಟ್ಟ ಇನ್ನೂ ಕತ್ತಲಲ್ಲಿದೆ. ಬೆಟ್ಟದ ಬುಡದ ಗಲ್ಲಿಯೊಂದರ ಹಂಚಿನ ಮನೆಯಲ್ಲಿ, ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ, ಪ್ರಿಂಟರ್ ಕಿರುಗುಟ್ಟುತ್ತಾ ಒಂದು ಕಾಗದವನ್ನು ನಿಧಾನವಾಗಿ ಹೊರಗೆ ತಳ್ಳುತ್ತಿದೆ. ಮೊದಲು ಬರುವುದು ಖಾಲಿ ಗೋಡೆ. ಆಮೇಲೆ ಬೈತಲೆ. ಆಮೇಲೆ ವಿಭೂತಿಯ ಹಣೆ. ಆಮೇಲೆ ಕಣ್ಣು.

ಪತ್ರಿಕೆಗೆ ಬರೆಯಲು ಬಂದಿರುವ ನಾನು ಹೆದರುಪುಕ್ಕಲ, ಮೊದಲೇ ಹೇಳಿಬಿಡುತ್ತೇನೆ. ಆ ಕಣ್ಣು ಕಂಡದ್ದೇ ನನ್ನ ಸ್ಟೂಲು ಎರಡು ಗೇಣು ಹಿಂದಕ್ಕೆ ಹೋಗುತ್ತದೆ. ಚಿತ್ರದಲ್ಲಿರುವುದು ಕುರ್ಚಿಯ ಮೇಲೆ ಕೂತ ಎಳೆಯ ವಯಸ್ಸಿನ ಹೆಂಗಸು, ಅವಳ ತೊಡೆಯ ಮೇಲೆ ಕುಲಾವಿ ಹಾಕಿದ ಹಸುಗೂಸು. ಹೆಂಗಸಿನ ಕಣ್ಣು ತೆರೆದೇ ಇದೆ. ಆದರೆ ಅದರಲ್ಲಿ ಬಿಳಿಯೂ ಇಲ್ಲ, ಪಾಪೆಯೂ ಇಲ್ಲ, ಬರೀ ಕಪ್ಪು.

"ಹೆದ್ರುಕೋಬೇಡಿ ಸಾ," ಅನ್ನುತ್ತಾರೆ ಸರ್ವಮಂಗಳಮ್ಮ, ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಮೇಜಿನ ಮೇಲೆ ಮಲಗಿಸುತ್ತಾ. "ಪ್ರೊಫೈಲ್ ತಪ್ಪು ಹಾಕ್ಬುಟ್ಟೆ. ಇರಿ, ಈಗ ಕಣ್ಣು ಮುಚ್ಕೊಳ್ತಾಳೆ."

ದಾರ ಕಟ್ಟಿದ ಕನ್ನಡಕ ಮೂಗಿಗೇರಿಸಿ ಕಂಪ್ಯೂಟರಿನಲ್ಲಿ ಬೇರೊಂದು ಹೆಸರು ಆರಿಸುತ್ತಾರೆ. ಅದೇ ಕಟ್ಟಿನಿಂದ ಇನ್ನೊಂದು ಹಾಳೆ ತೆಗೆದು ಇಡುತ್ತಾರೆ. ಮತ್ತೆ ಕಿರುಗುಟ್ಟುವ ಸದ್ದು. ಗೋಡೆ, ಬೈತಲೆ, ವಿಭೂತಿ. ಈ ಸಲ ರೆಪ್ಪೆ ಕೆಳಗಿಳಿದಿದೆ. ಎಣಿಸಬಹುದಾದ ಹಾಗೆ ಒಂದೊಂದೇ ಕೂದಲು ಕೆನ್ನೆಯ ಮೇಲೆ ಕೂತಿದೆ. ಅದೇ ಹೆಂಗಸು, ಅದೇ ಕಾಗದ, ಕಣ್ಣು ಮಾತ್ರ ಮುಚ್ಚಿದೆ.

ಸರ್ವಮಂಗಳಮ್ಮನಿಗೆ ಈಗ ಅರವತ್ತು ದಾಟಿದೆ. ಮೂಗುತಿ, ಎತ್ತಿ ಸಿಕ್ಕಿಸಿದ ಸೆರಗು, ಮಸಿ ಹಿಡಿದ ಬೆರಳ ತುದಿ. ಕಪ್ಪು ಬಿಳುಪಿನ ಫೋಟೋ ಪ್ರಿಂಟ್ ಹಾಕುವುದೇ ಇವರ ಕಸುಬು. ಶಿರಾ, ಕೊರಟಗೆರೆ, ಪಾವಗಡದ ಸ್ಟುಡಿಯೋದವರೆಲ್ಲ ಬಣ್ಣದ ಕೆಲಸವನ್ನು ದೊಡ್ಡ ಲ್ಯಾಬುಗಳಿಗೆ ಕಳಿಸುತ್ತಾರೆ. ಕಪ್ಪು ಬಿಳುಪಾದರೆ ಬಸ್ಸಿನ ಕಂಡಕ್ಟರ್ ಕೈಲಿ ಪೆನ್‌ಡ್ರೈವ್ ಕೊಟ್ಟು ಇಲ್ಲಿಗೆ ಕಳಿಸುತ್ತಾರೆ. ದಿನಕ್ಕೆ ಐದಾರು, ಹೆಚ್ಚೆಂದರೆ ಎಂಟು. ಮದುವೆ, ನಾಮಕರಣ ಇವರ ಹತ್ತಿರ ಬರುವುದೇ ಇಲ್ಲ. ಬರುವವರೆಲ್ಲ ತೀರಿಕೊಂಡವರು.

"ಕಳ್ಳಂಬೆಳ್ಳದ ಕಡೆಯೋರೊಬ್ರು ಅವರ ಯಜಮಾನ್ರುದು ಬಣ್ಣದಲ್ಲಿ ಹಾಕ್ಸವ್ರೆ. ಆಮೇಲೆ ತಂದು, ಇದನ್ನ ಕಪ್ಪು ಬಿಳುಪು ಮಾಡ್ಕೊಡಿ ಅಂದ್ರು. ಯಾಕಮ್ಮ ಅಂದ್ರೆ, ಬಣ್ಣದಲ್ಲಿದ್ರೆ ಇನ್ನೂ ಊಟಕ್ಕೆ ಬರ್ತಾರೆ ಅನ್ನುಸ್ತೈತೆ, ಅನ್ನಕ್ಕೆ ಇಟ್ಟಾಗ್ಲೆಲ್ಲಾ ಅವರ ಪಾಲೂ ಹಾಕ್ಬುಡ್ತೀನಿ ಅಂದ್ರು."

ಪ್ರೊಫೈಲ್ ಎಂದರೇನು ಅಂತ ಕೇಳಿದರೆ ಇವರು ಕಂಪ್ಯೂಟರ್ ಭಾಷೆ ಆಡುವುದಿಲ್ಲ. "ಪ್ರಿಂಟರ್‌ಗೆ ಕಣ್ಣಿಲ್ಲ ಸಾ. ಒಳಗೆ ಯಾವ ಕಾಗದ ಹೋಗೈತೆ ಅಂತ ಅದಕ್ಕೆ ಗೊತ್ತಾಗಲ್ಲ. ಈ ಕಾಗದ ಇಷ್ಟು ಮಸಿ ಕುಡೀತೈತೆ, ಅದಕ್ಕಿಂತ ಹಾಕ್ಬೇಡ ಅಂತ ನಾವು ಹೇಳ್ಬೇಕು. ಅದೇ ಪ್ರೊಫೈಲು." ಹೊಳಪಿನ ಕಾಗದ ಮಸಿಯನ್ನು ಮೇಲೆಯೇ ಉಳಿಸಿಕೊಳ್ಳುತ್ತದೆ, ಹೊಳಪಿಲ್ಲದ ಮ್ಯಾಟ್ ಕಾಗದ ಹೀರಿಕೊಂಡು ಹರಡುತ್ತದೆ. ಮ್ಯಾಟ್ ಹಾಳೆ ಇಟ್ಟು ಹೊಳಪಿನ ಹಾಳೆಯ ಪ್ರೊಫೈಲ್ ಆರಿಸಿದರೆ ನೆರಳೆಲ್ಲ ತುಂಬಿಹೋಗುತ್ತದೆ. ಮುಚ್ಚಿದ ರೆಪ್ಪೆಯ ಕೆಳಗಿನ ಸಣ್ಣ ನೆರಳು ಅಗಲವಾಗಿ ಕಣ್ಣು ತೆರೆದ ಹಾಗೆ ಕಾಣುತ್ತದೆ. ಮೊದಲ ಹಾಳೆಯಲ್ಲಿ ಆದದ್ದು ಇಷ್ಟೇ. ಸೀರೆಯ ನೆರಿಗೆ, ಮಡಿಲು, ಮಗುವಿನ ಕೈ, ಎಲ್ಲವೂ ಒಂದೇ ಕಪ್ಪಿನಲ್ಲಿ ಮುಳುಗಿವೆ.

ಕಾಗದದ ಕಂಪನಿಯವರು ಪ್ರೊಫೈಲ್ ಕೊಟ್ಟೇ ಕೊಡುತ್ತಾರೆ. ಸರ್ವಮಂಗಳಮ್ಮ ಅದನ್ನು ಹಾಗೇ ನಂಬುವುದಿಲ್ಲ. ಬಿಳಿಯಿಂದ ಕಪ್ಪಿನವರೆಗೆ ಬೂದು ಚೌಕಗಳ ಒಂದು ಪಟ್ಟಿ ಹಾಕಿ, ರಾತ್ರಿಯಿಡೀ ಒಣಗಲು ಬಿಟ್ಟು, ಬೆಳಗಿನ ಬೆಳಕಲ್ಲಿ ನೋಡುತ್ತಾರೆ. ಚೌಕಗಳಿಗೆ ಹಸಿರು ತಿರುಗಿದೆಯೋ, ಕೆಂಪು ಹೊಡೆದಿದೆಯೋ, ಕೊನೆಯ ಮೂರು ಕಪ್ಪು ಒಂದಕ್ಕೊಂದು ಅಂಟಿಕೊಂಡಿವೆಯೋ ನೋಡಿ ಸರಿಪಡಿಸುತ್ತಾರೆ. "ಟ್ಯೂಬ್‌ಲೈಟಲ್ಲಿ ನೋಡಿದ್ರೆ ಮೋಸ ಹೋಗ್ತೀವಿ. ಸತ್ತೋರ ಮುಖ ಹಸ್ರು ತಿರುಗಿದ್ರೆ ಮನೆಯೋರು ತಡ್ಕೊಳ್ಳಲ್ಲ ಸಾ." ಇವರ ದಿನ ಇಷ್ಟು ಬೇಗ ಶುರುವಾಗುವುದು ಅದಕ್ಕೇ.

ಅಷ್ಟರಲ್ಲಿ ಕಿಟಕಿಯಲ್ಲಿ ಬೆಳಕು ಮೂಡುತ್ತದೆ. ನಾನು ಮತ್ತೊಮ್ಮೆ ಸ್ಟೂಲು ಸರಿಸುತ್ತೇನೆ. ಕಿಟಕಿಯ ಸಣ್ಣ ಸಣ್ಣ ಗಾಜುಗಳಲ್ಲಿ ಒಬ್ಬೊಬ್ಬರೇ ಕಾಣಿಸಿಕೊಳ್ಳುತ್ತಿದ್ದಾರೆ. ಬಿಳಿ ಕೂದಲು, ಕರಿ ಮುಖ, ಹಣೆಯಲ್ಲಿ ಇನ್ನೂ ಕರಿಯ ವಿಭೂತಿ. ಎಲ್ಲರೂ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾರೆ.

"ಎದ್ರಾ ಎಲ್ಲಾರೂ," ಎಂದು ಸರ್ವಮಂಗಳಮ್ಮ ಕಿಟಕಿಗೆ ಹೇಳುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ಅಪ್ಪನ ಗಾಜಿನ ನೆಗೆಟಿವ್‌ಗಳು ಸಾ. ಆಗ ಫಿಲಂ ಬದ್ಲು ಗಾಜು. ಒಂದ್ಸಲ ಆಲಿಕಲ್ಲು ಬಿದ್ದು ಕಿಟಕಿ ಒಡೆದಾಗ ಇವನ್ನೇ ಕೂರ್ಸಿಬುಟ್ರು."

ಅಪ್ಪ ಮಹಾಲಿಂಗಯ್ಯ ಇದೇ ಕೋಣೆಯಲ್ಲಿ ಸ್ಟುಡಿಯೋ ಇಟ್ಟಿದ್ದವರು. ಆ ಕಾಲದಲ್ಲಿ ಎಷ್ಟೋ ಜನಕ್ಕೆ ಬದುಕಿದ್ದಾಗ ಫೋಟೋ ತೆಗೆಸುವ ಯೋಗವೇ ಇರಲಿಲ್ಲ. ಸತ್ತ ಮೇಲೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೋ ಕುರ್ಚಿಗೋ ಒರಗಿಸಿ ಕೂರಿಸಿದಾಗ ಮಹಾಲಿಂಗಯ್ಯನಿಗೆ ಹೇಳಿಕಳಿಸುತ್ತಿದ್ದರು. ಅವರು ಸೈಕಲ್ಲಿಗೆ ಕ್ಯಾಮೆರಾ ಕಟ್ಟಿಕೊಂಡು ಹೋಗಿ ತೆಗೆದು ಬರುತ್ತಿದ್ದರು. ಪ್ರಿಂಟ್ ಒಣಗಿದ ಮೇಲೆ ಇನ್ನೊಂದು ಕೆಲಸ. ಸಣ್ಣ ಕುಂಚ ಹಿಡಿದು ಸತ್ತವರ ಮುಚ್ಚಿದ ರೆಪ್ಪೆಯ ಮೇಲೆ ತೆರೆದ ಕಣ್ಣು ಬರೆಯಬೇಕು. ಗೋಡೆಗೆ ಹಾಕುವ ಫೋಟೋದಲ್ಲಿ ಕಣ್ಣು ಮುಚ್ಚಿರಬಾರದು ಎಂಬುದು ಮನೆಯವರ ಹಟ.

ಕಣ್ಣು ಬರೆಯಲು ನೋಡಿಕೊಳ್ಳುವುದಕ್ಕೆ ಒಂದು ಕಣ್ಣು ಬೇಕಲ್ಲ. ಹೆಂಡತಿ ಸಿದ್ದಗಂಗಮ್ಮನನ್ನು ಎದುರಿಗೆ ಕೂರಿಸಿಕೊಳ್ಳುತ್ತಿದ್ದರು.

"ಎಲ್ಲಾರಿಗೂ ನಮ್ಮಮ್ಮನ ಕಣ್ಣೇ ಸಾ," ಸರ್ವಮಂಗಳಮ್ಮ ಮಾಮೂಲು ದನಿಯಲ್ಲೇ ಹೇಳುತ್ತಾರೆ. "ಮೀಸೆ ಹೊತ್ತ ಶಾನುಭೋಗರಿಗೂ ಅದೇ, ಹಲ್ಲಿಲ್ಲದ ಮುದುಕೀಗೂ ಅದೇ. ಕೂತಿದ್ದಾಗ ಅಮ್ಮ ಅಪ್ಪನ ಕಡೆ ನೋಡ್ತಿರ್ಲಿಲ್ಲ. ಪಕ್ಕದಲ್ಲಿ ನೆಲದ ಮೇಲೆ ನಾನು ಆಡ್ಕೊಂಡಿರ್ತಿದ್ನಲ್ಲ, ಮಸಿ ಬಾಟ್ಲಿ ಬಾಯಿಗೆ ಹಾಕ್ಕೊಂಡುಬುಡ್ತೀನಿ ಅಂತ ನನ್ ಮೇಲೇ ಕಣ್ಣು. ಅಪ್ಪ ಅದನ್ನೂ ಅಂಗಂಗೇ ಬರೆದ್ರು."

ಇದನ್ನು ಕೇಳಿ ನನಗೆ ಒಂದು ಫೋಟೋ ನೆನಪಾಗುತ್ತದೆ. ನನ್ನ ಮಾವನ ಮನೆ ಕೊರಟಗೆರೆ. ಅಲ್ಲಿ ನಡುಮನೆಯಲ್ಲಿ ಅವರ ತಾತನ ಫೋಟೋ ಇದೆ. ಅದರೆದುರು ಉಣ್ಣಲು ಕೂತಾಗಲೆಲ್ಲ ಆ ತಾತ ನನ್ನನ್ನು ಬಿಟ್ಟು ಪಕ್ಕದಲ್ಲಿ ನೆಲದ ಮೇಲೆ ಇರುವ ಯಾರನ್ನೋ ನೋಡುತ್ತಾನೆ ಅನ್ನಿಸುತ್ತಿತ್ತು. ಅಳಿಯ ಅಂದರೆ ಅಷ್ಟಕ್ಕಷ್ಟೇ ಅಂತ ಬಿಟ್ಟುಬಿಟ್ಟಿದ್ದೆ.

ಸಿದ್ದಗಂಗಮ್ಮ ತೀರಿಕೊಂಡಾಗ ಮಗಳಿನ್ನೂ ಹೈಸ್ಕೂಲು. ಮನೆಯಲ್ಲಿ ಕ್ಯಾಮೆರಾ ಇದ್ದರೂ ಅವರದೊಂದು ಫೋಟೋ ಇರಲಿಲ್ಲ. ಮನೆಯವಳೇ ಅಲ್ಲವೇ, ಯಾವಾಗ ಬೇಕಾದರೂ ತೆಗೆದರಾಯಿತು ಅಂತ ಉಳಿದುಹೋಗಿತ್ತು. "ಕೂರ್ಸಿದ್ರು. ಅಪ್ಪ ಕ್ಯಾಮೆರಾದ ಕರಿ ಬಟ್ಟೆ ಒಳಗೆ ತಲೆ ಹಾಕಿದೋರು ಆಚೆಗೆ ಬರ್ಲೇ ಇಲ್ಲ. ಜನ ಎಲ್ಲಾ ಕಾಯ್ತಾವ್ರೆ. ಕೊನೆಗೆ ತಲೆ ತೆಗೆದು, 'ಬ್ಯಾಡ' ಅಂದ್ರು. ಅಷ್ಟೇ." ಆಮೇಲೂ ಮಹಾಲಿಂಗಯ್ಯ ಸತ್ತವರಿಗೆ ಕಣ್ಣು ಬರೆದರು, ಎದುರು ಯಾರನ್ನೂ ಕೂರಿಸಿಕೊಳ್ಳದೆ. ಕೈಗೆ ಅದೊಂದೇ ಕಣ್ಣು ಬರುತ್ತಿತ್ತು.

ಸಿದ್ದಗಂಗಮ್ಮನ ಎಡಗಣ್ಣಿನ ಬಿಳಿಯಲ್ಲಿ ಎಳ್ಳುಕಾಳಿನಷ್ಟು ಮಚ್ಚೆ ಇತ್ತು. ಗಂಡ ಅದನ್ನೂ ಬಿಡದೆ ಬರೆದಿದ್ದಾರೆ. ಹಳೆಯ ಫೋಟೋಗಳನ್ನು ಸ್ಕ್ಯಾನ್ ಮಾಡಲು ಶುರುಮಾಡಿದ ಹೊಸದರಲ್ಲಿ ಸರ್ವಮಂಗಳಮ್ಮ ಅದನ್ನು ಧೂಳೆಂದು ತಿಳಿದು ಎಷ್ಟೋ ಮುಖಗಳಿಂದ ಅಳಿಸಿದ್ದಾರೆ. ಒಂದು ದಿನ ಶಿರಾದಿಂದ ಬಂದ ಅಜ್ಜನ ಕಣ್ಣಲ್ಲೂ, ಪಾವಗಡದಿಂದ ಬಂದ ಹುಡುಗನ ಕಣ್ಣಲ್ಲೂ ಧೂಳು ಅದೇ ಜಾಗದಲ್ಲಿ ಕೂತಿರುವುದು ಕಂಡು ಕೈ ನಿಂತಿತು. ಈಗ ಹೊಸ ಕಾಗದ ಬಂದರೆ ಬೂದು ಚೌಕಗಳ ನಂತರ ಇವರು ಹಾಕುವ ಎರಡನೇ ಪರೀಕ್ಷೆ ಆ ಕಣ್ಣು. ಮಚ್ಚೆ ಹರಡಿ ಪಾಪೆಗೆ ಅಂಟಿಕೊಂಡರೆ ಮಸಿ ಹೆಚ್ಚಾಯಿತು, ತೇಲಿಹೋದರೆ ಕಡಿಮೆಯಾಯಿತು. ಮಚ್ಚೆ ಮಚ್ಚೆಯಾಗಿ ನಿಂತರೆ ಪ್ರೊಫೈಲ್ ಸರಿ.

ಇನ್ನೊಂದು ಸಂಗತಿ ಇದೆ, ಇದೇ ನನಗೆ ನಿದ್ದೆ ಕೆಡಿಸಿದ್ದು. ಹಳೆಯ ಫೋಟೋ ವರ್ಷಗಳು ಕಳೆದ ಹಾಗೆ ಮಾಸುತ್ತದೆ. ಕುಂಚದ ಮಸಿ ಮಾಸುವುದಿಲ್ಲ. ಹಾಗಾಗಿ ಮೊದಲು ಕೆನ್ನೆ ಹೋಗುತ್ತದೆ, ಆಮೇಲೆ ಮೂಗು, ಬಾಯಿ. ಕೊನೆಗೆ ಫ್ರೇಮಿನೊಳಗೆ ಮಂಜಿನ ನಡುವೆ ಎರಡು ಕಣ್ಣು ಮಾತ್ರ ಉಳಿಯುತ್ತವೆ. ಮನೆಯವರು ಹೆದರುತ್ತಾರೆ. ಭಿನ್ನವಾದ ದೇವರ ಪಟ ಇಡುವ ಹಾಗೆ ಇದನ್ನೂ ಒಯ್ದು ಅರಳಿಕಟ್ಟೆಯಲ್ಲಿ ಇಟ್ಟು ಬರುತ್ತಾರೆ.

"ಸಿದ್ದರಬೆಟ್ಟಕ್ಕೆ ಹೋಗೋವಾಗ ಒಂದ್ ಅರಳಿಕಟ್ಟೇಲಿ ನೋಡಿದೆ. ಮಳೆ ಬರ್ತೈತೆ. ಗಾಜು ಒಡೆದೋಗೈತೆ. ಅಮ್ಮ ನೆನ್ಕೊಂಡು ಕೂತವ್ಳೆ," ಎನ್ನುತ್ತಾರೆ ಸರ್ವಮಂಗಳಮ್ಮ. ಹತ್ತಿರ ಹೋಗುವಷ್ಟರಲ್ಲಿ ಕಾಗದ ಪುಡಿಯಾಗಿತ್ತಂತೆ.

ಈಗ ಮೇಜಿನ ಮೇಲಿರುವ ಹೆಂಗಸಿನ ವಿಷಯಕ್ಕೆ ಬರೋಣ. ಹೋದ ವಾರ ಕೊಡಿಗೇನಹಳ್ಳಿಯ ನಾಗರತ್ನಮ್ಮ ಒಂದು ಫ್ರೇಮನ್ನು ಟವೆಲಿನಲ್ಲಿ ಸುತ್ತಿ ತಂದಿದ್ದಾರೆ. ಅವರು ಸರ್ವಮಂಗಳಮ್ಮನಿಗಿಂತ ಒಂದೆರಡು ವರ್ಷಕ್ಕೆ ಚಿಕ್ಕವರು. ಫೋಟೋದಲ್ಲಿ ಅವರ ತಾಯಿ. ಹೆತ್ತು ಮೂರೇ ದಿನಕ್ಕೆ ತೀರಿಕೊಂಡವರು. 'ನಿಮ್ಮವ್ವ ನಿನ್ನ ತೊಡೆ ಮೇಲೆ ಇಟ್ಕೊಂಡು ಒಂದು ಫೋಟೋ ತೆಗೆಸ್ಕೊಂಡ್ಲು, ಆಮೇಲೆ ಹೋದ್ಲು' ಎಂದು ಸಾಕಿದ ಅಜ್ಜಿ ಹೇಳಿದ್ದರು. ತಾಯಿಯನ್ನು ಕಂಡವರು ಈಗ ಯಾರೂ ಉಳಿದಿಲ್ಲ. ಅವ್ವ ನನ್ನ ಎತ್ತಿಕೊಂಡಿದ್ದಳು ಎಂಬ ಆ ಒಂದು ಮಾತು ಬಿಟ್ಟರೆ ನಾಗರತ್ನಮ್ಮನ ಹತ್ತಿರ ತಾಯಿಯದೆನ್ನುವುದು ಬೇರೇನೂ ಇಲ್ಲ. ಫೋಟೋದಲ್ಲಿ ಮುಖ ಮಾಸಿ ಕಣ್ಣು ಉಳಿದಿದೆ. ಸೊಸೆ ಭವ್ಯ ಆ ಕೋಣೆಗೆ ಕಾಲಿಡುವುದಿಲ್ಲ. ಬರುವ ಅಮಾವಾಸ್ಯೆಗೆ ಅರಳಿಕಟ್ಟೆಗೆ ಇಟ್ಟುಬಿಡೋಣ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಅಷ್ಟರೊಳಗೆ ಮುಖ ಬರಿಸಿಕೊಡಿ ಎಂದು ಕೇಳಿದ್ದಾರೆ. ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದ್ದಾರೆ: "ಅವ್ವನ ಕಣ್ಣು ನಂಗೆ ಬಂದವಾ, ಮಿಷಿನ್ನಲ್ಲಿ ನೋಡಿ ಹೇಳಿ ಅಕ್ಕಯ್ಯ."

ಕುರ್ಚಿ, ಕುಲಾವಿ, ಹಿಂದಿನ ಗೋಡೆಯ ಮಸುಕು ಗೆರೆ ನೋಡಿದ್ದೇ ಸರ್ವಮಂಗಳಮ್ಮನಿಗೆ ಗುರುತು ಸಿಕ್ಕಿದೆ. ಆ ಹೆಂಗಸು ಇಷ್ಟು ವರ್ಷವೂ ಇದೇ ಕಿಟಕಿಯಲ್ಲಿದ್ದಳು. ಕೆಳಗಿನ ಸಾಲಿನ ಗಾಜು ಬಿಚ್ಚಿ ಸ್ಕ್ಯಾನ್ ಮಾಡಿದ್ದಾರೆ. ಆ ಜಾಗದಲ್ಲೀಗ ರಟ್ಟು ಇದೆ. ಗಾಜಿನಲ್ಲಿ ಮುಖ ಪೂರ್ತಿ ಇದೆ. ಕಣ್ಣು ಮುಚ್ಚಿದೆ. ಮಗುವನ್ನು ತೊಡೆಯ ಮೇಲಿಟ್ಟಾಗ ತಾಯಿ ಆಗಲೇ ಹೋಗಿದ್ದಳು.

"ಈಗೇನು ಕೊಡ್ತೀರಿ?" ಎನ್ನುತ್ತೇನೆ.

"ಅದೇ ಗೊತ್ತಾಯ್ತಿಲ್ಲ ಸಾ. ಹಳೇ ಫೋಟೋದಿಂದ ನಮ್ಮಮ್ಮನ ಕಣ್ಣು ತೆಗೆದು ಇದಕ್ಕೆ ಕೂರ್ಸೋದು ಎರಡು ನಿಮಿಷದ ಕೆಲಸ. ಅದೂ ಬ್ಯಾಡ ಅಂದ್ರೆ ಆ ತಪ್ಪು ಪ್ರಿಂಟೇ ಐತೆ. ಕಣ್ಣು ಬುಟ್ಟಂಗೆ ಕಾಣ್ತೈತೆ."

ಅದನ್ನೇ ಕೊಟ್ಟುಬಿಡಿ, ಈ ವಯಸ್ಸಿನಲ್ಲಿ ಆಯಮ್ಮನಿಗೆ ಯಾಕೆ ಹೊಟ್ಟೆ ಉರಿಸುತ್ತೀರಿ ಎಂದು ನಾನು ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. "ನಿಮ್ಮವ್ವನ ಫೋಟೋ ಆಗಿದ್ರೆ?" ಎಂದು ಅವರು ಕೇಳುತ್ತಾರೆ. ಒಣಗಿದ ಎರಡೂ ಪ್ರಿಂಟುಗಳನ್ನು ಮೇಜಿನ ಮೇಲೆ ಬೋರಲು ಹಾಕುತ್ತಾರೆ.

ಮೊದಲ ಬಸ್ಸಿಗೇ ನಾಗರತ್ನಮ್ಮ ಬರುತ್ತಾರೆ. ಚಪ್ಪಲಿ ಬಿಟ್ಟು ಒಳಗೆ ಬಂದವರು ಕೊಟ್ಟ ನೀರನ್ನೂ ಕುಡಿಯದೆ ಕೈಯಲ್ಲಿ ಹಿಡಿದು, "ನೋಡಿದ್ರಾ ಅಕ್ಕಯ್ಯ? ಬಂದವಾ ಕಣ್ಣು?" ಅನ್ನುತ್ತಾರೆ.

ಸರ್ವಮಂಗಳಮ್ಮ ಒಂದು ಗಳಿಗೆ ಅವರ ಮುಖ ನೋಡುತ್ತಾರೆ. ತಪ್ಪು ಪ್ರಿಂಟನ್ನು ಎತ್ತಿ ಹಳೆ ಕಾಗದದ ರಾಶಿಯ ಕೆಳಗೆ ತಳ್ಳುತ್ತಾರೆ. ಇನ್ನೊಂದನ್ನು ಮಗುಚಿ ಮುಂದಿಡುತ್ತಾರೆ. "ನೀವೇ ನೋಡಿ ಕಣಮ್ಮ."

ನಾಗರತ್ನಮ್ಮ ಬಗ್ಗಿ ನೋಡುತ್ತಾರೆ. ಅವರು ಆ ಮುಖವನ್ನು ಪೂರ್ತಿಯಾಗಿ ಕಂಡು ಎಷ್ಟು ವರ್ಷವಾಗಿತ್ತೋ. "ಕಣ್ಣು ಮುಚ್ಚವ್ಳೆ," ಅನ್ನುತ್ತಾರೆ.

"ಊಂ."

"ನಿದ್ದೆನಾ?"

"ಅಲ್ಲ ಕಣಮ್ಮ."

ಬೀದಿಯಲ್ಲಿ ಹಾಲಿನವನ ಬೈಕು ಹೋಗುತ್ತದೆ. ನಾಗರತ್ನಮ್ಮ ಲೋಟವನ್ನು ಪಕ್ಕಕ್ಕಿಡುತ್ತಾರೆ. "ಅಂಗಾರೆ ಅವ್ವ ನನ್ನ ಎತ್ಕೊಂಡಿರ್ಲಿಲ್ಲ," ಎನ್ನುತ್ತಾರೆ. ನನಗೆ ಸರ್ವಮಂಗಳಮ್ಮನ ಮೇಲೆ ಕೋಪ ಬರುತ್ತದೆ. ಇದೆಲ್ಲ ಬೇಕಿತ್ತೇ ಅನ್ನಿಸುತ್ತದೆ.

ಟವೆಲಿನ ಮೇಲಿರುವ ಹಳೆಯ ಫ್ರೇಮಿನತ್ತ ಕೈ ತೋರಿಸಿ ನಾಗರತ್ನಮ್ಮ, "ಅಂಗಾದ್ರೆ ಈ ಕಣ್ಣು ಯಾರವು?" ಎಂದು ಕೇಳುತ್ತಾರೆ.

"ನಮ್ಮಮ್ಮನವು," ಎಂದು ಸರ್ವಮಂಗಳಮ್ಮ ಕುಂಚದ ಕತೆ, ಎದುರಿಗೆ ಕೂರುತ್ತಿದ್ದ ತಾಯಿಯ ಕತೆ, ನೆಲದ ಮೇಲೆ ಆಡುತ್ತಿದ್ದ ತನ್ನ ಕತೆ ಎಲ್ಲ ಹೇಳುತ್ತಾರೆ. ಇಷ್ಟು ವರ್ಷದಲ್ಲಿ ಯಾವ ಗಿರಾಕಿಗೂ ಹೇಳಿರಲಿಲ್ಲವಂತೆ. ನಾಗರತ್ನಮ್ಮ ಕೇಳುತ್ತಾ ಕೇಳುತ್ತಾ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾರೆ.

"ಅದಕ್ಕೇ ಕಣಕ್ಕಯ್ಯ," ಅನ್ನುತ್ತಾರೆ. "ಚಿಕ್ಕೋಳಿದ್ದಾಗ ಅವ್ವನ ಎದುರಿಗೆ ನಿಂತ್ರೆ ನನ್ನ ನೋಡ್ತಾನೇ ಇರ್ಲಿಲ್ಲ. ಪಕ್ಕಕ್ಕೆ ಸರ್ದು, ಬೀಸೋ ಕಲ್ಲಿನ ಹತ್ರ ನೆಲದ ಮೇಲೆ ಕೂತ್ರೆ ಮಾತ್ರ ನೋಡೋಳು. ನಾನು ಉಂಡಿದ್ದೆಲ್ಲಾ ಅಲ್ಲೇ ಕೂತು. ನಿಮ್ ಜಾಗದಲ್ಲಿ ಕೂತಿದ್ದೆ ಅನ್ನಿ."

ಮತ್ತೆ ಹೊಸ ಪ್ರಿಂಟಿನತ್ತ ಬಗ್ಗುತ್ತಾರೆ. ಈಗ ಅವರು ಮುಖ ನೋಡುತ್ತಿಲ್ಲ, ಮಡಿಲು ನೋಡುತ್ತಿದ್ದಾರೆ. ಹಳೆಯ ಫೋಟೋದಲ್ಲಿ ಮಾಸಿಹೋದ ಜಾಗ ಅದು, ತಪ್ಪು ಪ್ರಿಂಟಿನಲ್ಲಿ ಬರೀ ಕಪ್ಪಾಗಿದ್ದ ಜಾಗ. ಸರಿಯಾದ ಪ್ರೊಫೈಲಿನಲ್ಲಿ ಆ ಕತ್ತಲೆ ಬಿಚ್ಚಿಕೊಂಡಿದೆ. ನೆರಿಗೆಗಳ ನಡುವೆ ತಾಯಿಯ ಕೈ ಇಳಿಬಿದ್ದಿದೆ. ಅದರ ತೋರುಬೆರಳನ್ನು ಮಗುವಿನ ಮುಷ್ಟಿ ಸುತ್ತಿ ಹಿಡಿದಿದೆ. ನಾನು ಬೆಳಗಿನಿಂದ ಆ ಹಾಳೆ ನೋಡುತ್ತಿದ್ದರೂ ಇದು ಕಂಡಿರಲಿಲ್ಲ.

"ಇದು ನಾನಲ್ವಾ," ಎನ್ನುತ್ತಾರೆ ನಾಗರತ್ನಮ್ಮ. "ಅವ್ಳು ಎತ್ಕೊಳ್ಳದಿದ್ರೆ ಏನಾಯ್ತು. ನಾನು ಹಿಡ್ಕೊಂಡಿದ್ದೀನಿ."

ಅದನ್ನೇ ಗೋಡೆಗೆ ಹಾಕುತ್ತೇನೆ, ಕಣ್ಣು ಮುಚ್ಚಿದ್ದರೆ ಮುಚ್ಚಿರಲಿ, ಯಾರು ಏನಾದರೂ ಅಂದುಕೊಳ್ಳಲಿ ಎನ್ನುತ್ತಾರೆ. ಪ್ರಿಂಟನ್ನು ರಟ್ಟಿನ ನಡುವೆ ಇಡಿಸಿಕೊಂಡು ಟವೆಲಿನಲ್ಲಿ ಸುತ್ತಿಕೊಳ್ಳುತ್ತಾರೆ. ಹಳೆಯ ಫ್ರೇಮು ಮೇಜಿನ ಮೇಲೆಯೇ ಉಳಿಯುತ್ತದೆ. ಸರ್ವಮಂಗಳಮ್ಮ ನೆನಪಿಸಿದಾಗ ನಾಗರತ್ನಮ್ಮ ಬಾಗಿಲಲ್ಲಿ ನಿಲ್ಲುತ್ತಾರೆ.

"ಅರಳಿಕಟ್ಟೆಗೆ ಯಾಕೆ ಇಡ್ಲಿ. ನಿಮ್ಮಮ್ಮ ನನ್ನ ಇಷ್ಟು ದಿನ ನೋಡ್ಕೊಂಡಿದ್ದು ಸಾಕು. ಇನ್ನು ನಿಮ್ಮನ್ನ ನೋಡ್ಕೊಳ್ಳಿ. ಈ ಕಡೆ ಬಂದಾಗ ಬಂದು ಒಂದ್ಗಳಿಗೆ ಕೂತು ಹೋಗ್ತೀನಿ, ಬ್ಯಾಡ ಅನ್ಬೇಡಿ."

ಅವರು ಹೋದ ಮೇಲೆ ಸರ್ವಮಂಗಳಮ್ಮ ಗಾಜನ್ನು ಒರೆಸಿ ಕಿಟಕಿಯ ಚೌಕಕ್ಕೆ ಮತ್ತೆ ಕೂರಿಸುತ್ತಾರೆ. ಆಮೇಲೆ ಫ್ರೇಮನ್ನು ಎದುರಿನ ಗೋಡೆಗೆ ಒರಗಿಸಿ, ಪ್ರಿಂಟರ್ ಮುಂದಿನ ತಮ್ಮ ಸ್ಟೂಲಿನಲ್ಲಿ ಕೂತು ನೋಡುತ್ತಾರೆ. ಎದ್ದು ಹೋಗಿ ಫ್ರೇಮನ್ನು ಕೊಂಚ ತಿರುಗಿಸುತ್ತಾರೆ. ಮತ್ತೆ ಕೂರುತ್ತಾರೆ. ನಾಲ್ಕನೆಯ ಸಲಕ್ಕೋ ಐದನೆಯ ಸಲಕ್ಕೋ ಮಂಜಿನೊಳಗಿನ ಆ ಎರಡು ಕಣ್ಣು ಸರಿಯಾಗಿ ಸ್ಟೂಲಿನ ಮೇಲೆ ಬಂದು ನಿಲ್ಲುತ್ತವೆ. ಎಡಗಣ್ಣಿನ ಮಚ್ಚೆ ನನಗೂ ಕಾಣುತ್ತದೆ. ಕೋಣೆಯಲ್ಲಿ ನಾವು ಇಬ್ಬರೇ ಇಲ್ಲ ಎಂದು ನಾನು ಆಣೆ ಮಾಡಿ ಹೇಳಬಲ್ಲೆ.

ಇಂಥ ಬರಹಕ್ಕೆ ಕೊನೆಯಲ್ಲಿ ಕೇಳಲೇಬೇಕಾದ ಪ್ರಶ್ನೆಯನ್ನು ಕೇಳುತ್ತೇನೆ. ನಿಮ್ಮ ಆಸೆ ಏನಾದರೂ ಇದೆಯಾ? ಹೊಸ ಪ್ರಿಂಟರ್, ಸರಕಾರದ ಸಹಾಯ ಅಂತ ಏನಾದರೂ ಹೇಳಬಹುದೆಂದು ಪೆನ್ನು ಹಿಡಿದು ಕಾಯುತ್ತೇನೆ. ಸರ್ವಮಂಗಳಮ್ಮ ಫ್ರೇಮಿನಿಂದ ಕಣ್ಣು ತೆಗೆಯುವುದಿಲ್ಲ.

"ಆಯಮ್ಮನ ಮುಖ ಆಯಮ್ಮನ ಮಗಳ ಮನೆ ಸೇರ್ತು," ಎನ್ನುತ್ತಾರೆ. "ಈ ಫ್ರೇಮಲ್ಲಿ ಆಯಮ್ಮಂದು ಉಳಿದಿರೋದೂ ಬೇಗ ಮಾಸೋಗ್ಲಿ ಸಾ. ಅಮ್ಮನ ಕಣ್ಣೊಂದು ಸಾಕು ನಂಗೆ."